ಫ್ರೈಹೆರ್, ಫ್ಯುರ್ಸ್ಟ್, ಫ್ರೈಯಿನ್: ಈ ಬಿರುದುಗಳಿಗೆ ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಕಾಶ್ಮೀರಕ್ಕೆ ಬಂದಿದ್ದ ಹಳೆಯ ಯುರೋಪಿನ ಪ್ರವಾಸಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬರು ಆಸ್ಟ್ರಿಯಾದ ಕಾರ್ಲ್ ಫಾನ್ ಹ್ಯೂಗೆಲ್. ಹುಟ್ಟಿದ್ದು 1795ರಲ್ಲಿ, ಈಗಿನ ಜರ್ಮನಿಯ ರೇಗನ್ಸ್‌ಬುರ್ಗ್‌ನಲ್ಲಿ. 1835ರಲ್ಲಿ ಕಾಶ್ಮೀರ ನೋಡಿದರು, ಆಮೇಲೆ ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗರನ್ನು ಕಂಡರು. ಊರಿಗೆ ಮರಳಿದ ಮೇಲೆ ನಾಲ್ಕು ಸಂಪುಟಗಳ ಪ್ರವಾಸ ಕಥನ ಬರೆದರು. ಗಿಡಗಳೆಂದರೆ ಜೀವ. ವಿಯೆನ್ನಾದ ಹೀಟ್ಸಿಂಗ್‌ನಲ್ಲಿದ್ದ ಅವರ ತೋಟ ಆಗ ಬಹಳ ಹೆಸರು ಮಾಡಿತ್ತು. ಇಷ್ಟು ಬರೆಯುವುದು ಕಷ್ಟವಾಗಲಿಲ್ಲ. ಅವರ ಮನೆತನದ ವಿಷಯಕ್ಕೆ ಬಂದಾಗ ಪದಗಳು ಕೈಕೊಟ್ಟವು.

ಮೊದಲನೆಯದು 'ಫ್ರೈಹೆರ್', ಹ್ಯೂಗೆಲ್ ಮನೆತನದ ಜರ್ಮನ್ ಬಿರುದು. ಬಿಡಿಸಿ ಹೇಳಿದರೆ 'ಸ್ವತಂತ್ರ ಒಡೆಯ'. ಇಂಗ್ಲಿಷಿನಲ್ಲಿ ಇದನ್ನು ಬ್ಯಾರನ್ ಎನ್ನುತ್ತಾರೆ. ಆಸ್ಟ್ರಿಯಾದಲ್ಲೂ ಮಾತಿನಲ್ಲಿ ಬ್ಯಾರನ್ ಎಂದೇ ಕರೆಯುತ್ತಿದ್ದರು. ಕನ್ನಡದಲ್ಲಿ? 'ಪಾಳೆಗಾರ' ಎಂದರೆ ನಮ್ಮ ಕಣ್ಣ ಮುಂದೆ ಕೋಟೆ, ಕುದುರೆ, ಸ್ವಂತ ಪಡೆ ಬಂದು ನಿಲ್ಲುತ್ತವೆ. 'ಜಮೀನ್ದಾರ' ಎಂದರೆ ಗೇಣಿ, ಒಕ್ಕಲು ನೆನಪಾಗುತ್ತದೆ. ಹ್ಯೂಗೆಲ್ ಅವರು ಇವೆರಡೂ ಅಲ್ಲ. ಸೈನ್ಯದಲ್ಲಿದ್ದವರು, ಆಮೇಲೆ ಫ್ಲಾರೆನ್ಸ್ ಮತ್ತು ಬ್ರಸೆಲ್ಸ್‌ನಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿದ್ದವರು.

ಇನ್ನೂ ಒಂದು ತೊಡಕಿದೆ. ಇಂಗ್ಲೆಂಡಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಸಾಮಾನ್ಯವಾಗಿ ಹಿರಿಯ ಮಗನಷ್ಟೇ ಬ್ಯಾರನ್ ಆಗುತ್ತಾನೆ. ಫ್ರೈಹೆರ್ ಮನೆತನದಲ್ಲಿ ಹಾಗಿರಲಿಲ್ಲ. ಗಂಡುಮಕ್ಕಳೆಲ್ಲ ಹುಟ್ಟುತ್ತಲೇ ಫ್ರೈಹೆರ್ ಆಗುತ್ತಿದ್ದರು. ಕಾರ್ಲ್ ಅವರ ಮಕ್ಕಳನ್ನೇ ನೋಡಿ. ಹಿರಿಯವರು ಫ್ರೀಡ್ರಿಷ್, ಧಾರ್ಮಿಕ ಚಿಂತಕರು. ಕಿರಿಯವರು ಅನಾಟೋಲ್, ಕೇಂಬ್ರಿಡ್ಜ್‌ನ ಪುರಾತತ್ವ ಮತ್ತು ಮಾನವಶಾಸ್ತ್ರ ಸಂಗ್ರಹಾಲಯದ ಮೊದಲ ಕ್ಯುರೇಟರ್. ಇಬ್ಬರೂ ಏಕಕಾಲಕ್ಕೆ ಬ್ಯಾರನ್! 'ತಂದೆಯ ನಂತರ ಫ್ರೀಡ್ರಿಷ್ ಬ್ಯಾರನ್ ಆದರು' ಎಂದು ಬರೆದರೆ ತಪ್ಪಾಗುತ್ತದೆ.

ನನಗೆ ಹತ್ತಿರ ಅನಿಸಿದ್ದು ನಮ್ಮ ಮೈಸೂರಿನ 'ಅರಸು'. ಅದು ಪಟ್ಟದ ಹೆಸರಲ್ಲ, ಇಡೀ ಮನೆತನ ಹೊತ್ತ ಹೆಸರು. ಅಣ್ಣನೂ ಅರಸು, ತಮ್ಮನೂ ಅರಸು. ಆದರೆ ವಿಯೆನ್ನಾದವರನ್ನು 'ಹ್ಯೂಗೆಲ್ ಅರಸು' ಎಂದು ಬರೆದರೆ ಓದುಗರು ಅವರನ್ನು ಮೈಸೂರಿಗೇ ಕರೆತಂದುಬಿಡುತ್ತಾರೆ, ಅಲ್ವಾ? ಅರ್ಥ ತಿಳಿಸಲು ಈ ಉದಾಹರಣೆ ಚೆನ್ನಾಗಿದೆ, ಅನುವಾದಕ್ಕೆ ಆಗುವುದಿಲ್ಲ. ಸದ್ಯಕ್ಕೆ 'ಬ್ಯಾರನ್' ಎಂದೇ ಇಟ್ಟಿದ್ದೇನೆ.

ಎರಡನೆಯದು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಹ್ಯೂಗೆಲ್ ಅವರಿಗೆ ಮೆಲಾನಿ ಜಿಚಿ-ಫೆರಾರಿಸ್ ಎಂಬವರ ಜೊತೆ ಮದುವೆ ನಿಶ್ಚಯವಾಗಿತ್ತು. ಅದು ಮುರಿಯಿತು. 1831ರಲ್ಲಿ ಆಕೆ ಆಸ್ಟ್ರಿಯಾದ ಚಾನ್ಸಲರ್ ಮೆಟ್ಟರ್ನಿಖ್ ಅವರನ್ನು ಮದುವೆಯಾದರು. ಅದೇ ವರ್ಷ ಹ್ಯೂಗೆಲ್ ದೂರದ ಪ್ರಯಾಣಕ್ಕೆ ಹೊರಟರು, ಮರಳಿದ್ದು 1836ರಲ್ಲಿ. ಮುಂದೆ 1848ರ ದಂಗೆಯಲ್ಲಿ ಮೆಟ್ಟರ್ನಿಖ್ ವಿಯೆನ್ನಾ ಬಿಟ್ಟು ಓಡಬೇಕಾಯಿತು. ಆಗ ಆ ಗಂಡ ಹೆಂಡತಿಯನ್ನು ಪಾರುಮಾಡಲು ನಿಂತವರು ಇದೇ ಹ್ಯೂಗೆಲ್. ಎಂಥ ದೊಡ್ಡ ಮನಸ್ಸು!

ಇಂಗ್ಲಿಷ್ ಪುಸ್ತಕಗಳಲ್ಲಿ ಮೆಟ್ಟರ್ನಿಖ್ ಅವರನ್ನು 'ಪ್ರಿನ್ಸ್' ಎಂದು ಬರೆಯುತ್ತಾರೆ. ಅದನ್ನು ನೋಡಿ ನಾವು 'ರಾಜಕುಮಾರ ಮೆಟ್ಟರ್ನಿಖ್' ಎಂದರೆ ಪೂರಾ ಅಡ್ಡದಾರಿ. ಅವರು ಯಾವ ರಾಜನ ಮಗನೂ ಅಲ್ಲ. ಜರ್ಮನ್ನಿನಲ್ಲಿ 'ಪ್ರಿನ್ಸ್' ಬೇರೆ, 'ಫ್ಯುರ್ಸ್ಟ್' ಬೇರೆ. ಮೊದಲನೆಯದು ರಾಜಮನೆತನದಲ್ಲಿ ಹುಟ್ಟಿದವರಿಗೆ, ಎರಡನೆಯದು ಒಂದು ದರ್ಜೆ. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಬಳಸುತ್ತದೆ. ಮೆಟ್ಟರ್ನಿಖ್ 'ಫ್ಯುರ್ಸ್ಟ್'. ಆಸ್ಟ್ರಿಯಾದ ಚಕ್ರವರ್ತಿ ಅವರಿಗೆ ಆ ದರ್ಜೆ ಕೊಟ್ಟಿದ್ದು 1813ರಲ್ಲಿ. ಇದಕ್ಕೆ 'ಪ್ರಭು' ಸರಿಯೇ? ನಾವು ಲಾರ್ಡ್ ಎಂಬುದಕ್ಕೂ ಪ್ರಭು ಎನ್ನುತ್ತೇವೆ. ಹಾಗಾಗಿ ಹಿಂಜರಿಕೆ.

ಮೂರನೆಯದು ಹೆಣ್ಣುಮಕ್ಕಳದು. ಫ್ರೈಹೆರ್‌ನ ಹೆಂಡತಿ 'ಫ್ರೈಫ್ರೌ', ಮದುವೆಯಾಗದ ಮಗಳು 'ಫ್ರೈಯಿನ್'. ಇಂಗ್ಲಿಷಿನಲ್ಲಿ ಇಬ್ಬರೂ ಬ್ಯಾರನೆಸ್. 1851ರಲ್ಲಿ ಕಾರ್ಲ್ ಮದುವೆಯಾದ ಎಲಿಜಬೆತ್ ಫಾರ್ಕ್ವರ್ಸನ್ ಫ್ರೈಫ್ರೌ ಆದರು. ಅವರು ಸ್ಕಾಟ್ಲೆಂಡಿನ ಸೇನಾಧಿಕಾರಿಯೊಬ್ಬರ ಮಗಳು. ಕಾರ್ಲ್ ಮತ್ತು ಎಲಿಜಬೆತ್ ಅವರ ಮಗಳು ಪಾಲಿನ್ ಮದುವೆಯಾಗಲಿಲ್ಲ. ಇಂಗ್ಲೆಂಡಿನ ಬಾಸ್ಕಂಬ್‌ನಲ್ಲಿ ಚರ್ಚ್ ಕಟ್ಟಿಸಿದವರು ಇವರು. 'ಬ್ಯಾರನೆಸ್ ಪಾಲಿನ್' ಎಂದು ಓದಿದ ಕನ್ನಡಿಗರು ಗಂಡ ಯಾರು ಎಂದು ಹುಡುಕತೊಡಗುತ್ತಾರೆ. ಅರಸು ಮನೆತನಗಳಲ್ಲಿ ಹೆಂಗಸರ ಹೆಸರಿಗೆ 'ಅಮ್ಮಣ್ಣಿ' ಸೇರುತ್ತದೆ, ಆದರೆ ಅದೂ ಹೆಂಡತಿ ಮಗಳು ಎಂದು ಬೇರೆ ಮಾಡಿ ಹೇಳುವುದಿಲ್ಲ.

ಹೆಸರಿನ ಉಚ್ಚಾರದ ಬಗ್ಗೆಯೂ ಒಂದು ಮಾತು. 'ಫಾನ್' ಎಂದು ಬರೆದಿದ್ದೇನೆ, 'ವಾನ್' ಅಲ್ಲ. ಜರ್ಮನ್ನಿನಲ್ಲಿ 'von' ಎಂಬುದರ 'v' ಅಕ್ಷರಕ್ಕೆ ಫಕಾರದ ಸದ್ದು. 'ಹ್ಯೂಗೆಲ್' ಕೂಡ ಪೂರ್ತಿ ಸರಿಯಲ್ಲ. ತುಟಿ 'ಊ'ಗೆ ದುಂಡಾಗಿ, ನಾಲಿಗೆ 'ಈ' ಎನ್ನಬೇಕು. ನಮ್ಮಲ್ಲಿ ಆ ಸ್ವರಕ್ಕೆ ಅಕ್ಷರವಿಲ್ಲ. ಆದರೆ 'ಹೆಗೆಲ್' ಎಂದು ಮಾತ್ರ ಖಂಡಿತ ಬೇಡ, ಹೆಗೆಲ್ ಬೇರೆಯೇ ವ್ಯಕ್ತಿ, ತತ್ವಜ್ಞಾನಿ.

ಫ್ಯುರ್ಸ್ಟ್‌ಗೆ 'ಪ್ರಭು' ಬಿಟ್ಟು ಬೇರೆ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಪಾಲಿನ್ ಅವರಿಗೆ 'ಬ್ಯಾರನ್ ಮನೆತನದ ಪಾಲಿನ್' ಎಂದು ಬರೆಯುವ ಯೋಚನೆಯಿದೆ. ಸ್ವಲ್ಪ ಉದ್ದವಾದರೂ ಗಂಡನ ಗೊಂದಲ ತಪ್ಪುತ್ತದೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?