ಸಹಾಯ ಬೇಕು: ರೇಡಾರ್ ಚಿತ್ರದಲ್ಲಿ ನೆರೆ ನೀರು ಯಾವುದು, ಗದ್ದೆ ನೀರು ಯಾವುದು?

ಎಲ್ಲರಿಗೂ ನಮಸ್ಕಾರ. ನೆರೆಯಲ್ಲಿ ಯಾವ್ಯಾವ ಹೊಲ ಮುಳುಗಿತ್ತು ಅಂತ ಉಪಗ್ರಹ ಡೇಟಾದಿಂದ ನಕ್ಷೆ ಮಾಡುತ್ತಿದ್ದೇನೆ. ಮೋಡ ಜಾಸ್ತಿ ಇರುವುದರಿಂದ, ಕ್ಯಾಮೆರಾದ ಹಾಗೆ ಬೆಳಕಿನಲ್ಲಿ ಚಿತ್ರ ತೆಗೆಯುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಪಯೋಗಕ್ಕೆ ಬರುತ್ತಿಲ್ಲ. ಹಾಗಾಗಿ ಮೋಡ ದಾಟಿ ನೋಡುವ ಸೆಂಟಿನೆಲ್-1 ರೇಡಾರ್ ಹಿಡಿದಿದ್ದೇನೆ. ನೆರೆಗೆ ಮೊದಲಿನ ಚಿತ್ರ, ನಂತರದ ಚಿತ್ರ ಹೋಲಿಸಿ, ಹೊಸದಾಗಿ ಕಪ್ಪಾದ ಜಾಗವನ್ನು ನೀರು ಅಂತ ಗುರುತಿಸುತ್ತೇನೆ. ಕೆರೆ, ನದಿಗಳನ್ನು ಮೊದಲೇ ತೆಗೆದಿದ್ದೇನೆ.

ತೊಡಕಿರುವುದು ಭತ್ತದ ಗದ್ದೆಯಲ್ಲಿ. ನಾಟಿ ಹೊತ್ತಿಗೆ ರೈತರೇ ನೀರು ನಿಲ್ಲಿಸಿರುತ್ತಾರೆ. ಅದೂ ನೆರೆಯ ಹಾಗೇ ಕಪ್ಪಗೆ ಕಾಣುತ್ತದೆ. ಪೈರು ಎತ್ತರವಾದ ಮೇಲೆ ಇದಕ್ಕೆ ಉಲ್ಟಾ. ಕೆಳಗೆ ನೀರಿದ್ದರೂ ರೇಡಾರ್ ಅಲೆ ನೀರಿಗೆ, ದಂಟಿಗೆ ಬಡಿದು ವಾಪಸ್ ಬರುತ್ತದೆ, ಜಾಗ ಬೆಳ್ಳಗೇ ಉಳಿಯಬಹುದು. ಆಗ ನಿಜವಾಗಿ ಹಾನಿಯಾದ ಹೊಲವೇ ನಕ್ಷೆಯಿಂದ ಬಿಟ್ಟುಹೋಗುತ್ತದೆ. ಇಂಥ ನಕ್ಷೆ ನಂಬಿ ಪರಿಹಾರ ಕೊಟ್ಟರೆ ಆ ರೈತನಿಗೆ ಅನ್ಯಾಯ ಅಲ್ವಾ? ನನಗೆ ಅದೇ ಚಿಂತೆ.

ಹಿಂದಿನ ವರ್ಷಗಳ ಇದೇ ಅವಧಿಯ ಚಿತ್ರಗಳ ಜೊತೆ ಹೋಲಿಸಿದರೆ ನಾಟಿ ನೀರನ್ನು ಬೇರ್ಪಡಿಸಬಹುದಾ? ವಿವಿ, ವಿಎಚ್ (ರೇಡಾರ್ ಅಲೆಯನ್ನು ಲಂಬವಾಗಿ ಕಳಿಸಿ, ಲಂಬವಾಗಿ ಅಥವಾ ಅಡ್ಡಲಾಗಿ ಹಿಡಿದ ಎರಡು ಬಗೆಯ ಚಿತ್ರ) ಎರಡನ್ನೂ ಸೇರಿಸಿ ನೋಡಿದವರು ಇದ್ದೀರಾ? ಇನ್ನೊಂದು, 10 ಮೀಟರ್ ಪಿಕ್ಸೆಲ್‌ನಲ್ಲಿ ಸಣ್ಣ ಹಿಡುವಳಿಗಳ ಅಂಚು ಕಲಸಿಹೋಗುತ್ತದೆ. ಅದಕ್ಕೆ ನೀವೇನು ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ತಿಳಿಸಿ.