ಆಕಾಶದಲ್ಲಿ ಬ್ರೇಕ್ ಒತ್ತುವವರು

ವಿಮಾನಕ್ಕೆ ಹೆದರುವವರನ್ನು ಕಂಡರೆ ನನಗೇನೂ ಅನ್ನಿಸುವುದಿಲ್ಲ. ಅವರಿಗೆ ಧೈರ್ಯ ಹೇಳಲು ಹೊರಟವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಹೆದರುವವರು ಪಾಪ, ತಮ್ಮ ಪಾಡಿಗೆ ಹೆದರಿಕೊಂಡಿರುತ್ತಾರೆ. ಧೈರ್ಯ ಹೇಳುವವರ ಬಳಿ ಅಂಕಿಅಂಶ ಇರುತ್ತದೆ, ಭೌತಶಾಸ್ತ್ರ ಇರುತ್ತದೆ, ಷಡ್ಡಕನ ಮಗ ಅಮೆರಿಕಕ್ಕೆ ಹೋಗಿ ಬಂದ ಕಥೆ ಇರುತ್ತದೆ.

ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ನಡಿಗೆ ಮುಗಿಸಿ ಬೆಂಚಿನ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಇಂಥವರು ಮೂವರಿದ್ದಾರೆ. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ವಯಸ್ಸಾದರೂ ಕ್ಲಿನಿಕ್ ಮುಚ್ಚದ ಡಾಕ್ಟರು, ಶಿರಾಡಿ ಘಾಟಿಯಲ್ಲಿ ಸರ್ಕಾರಿ ಬಸ್ ಓಡಿಸಿ ಸೈ ಅನ್ನಿಸಿಕೊಂಡ ಶಿವಣ್ಣ. ಈ ಸಲ ಇವರ ಕೈಗೆ ಸಿಕ್ಕಿದವರು ರಂಗನಾಥ ರಾಯರು. ಬ್ಯಾಂಕ್ ಮ್ಯಾನೇಜರಾಗಿದ್ದವರು. ಎಟಿಎಂ ಕೊಟ್ಟ ನೋಟನ್ನು ಅಲ್ಲೇ ನಿಂತು ಎಣಿಸುತ್ತಾರೆ. ಯಂತ್ರ ತಪ್ಪು ಮಾಡುತ್ತದೆಂದಲ್ಲ, ತಾವು ಎಣಿಸದಿದ್ದರೆ ಲೆಕ್ಕ ಮುಗಿಯಲಿಲ್ಲವೆಂದು. ಮಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆರಿಗೆ. ಬಾಣಂತನಕ್ಕೆ ಹೆಂಡತಿ ವಿಶಾಲಾಕ್ಷಮ್ಮ ಹೊರಟು ನಿಂತಾಗಿದೆ. ಬಾಣಂತನದಲ್ಲಿ ಗಂಡಸಿಗೇನು ಕೆಲಸ ಎಂದು ರಾಯರು ಹೂಡಿದ ವಾದ ಮನೆಯಲ್ಲಿ ಮೊದಲ ಸುತ್ತಿನಲ್ಲೇ ಬಿದ್ದುಹೋಗಿತ್ತು.

ಮೇಷ್ಟ್ರು ಶುರು ಮಾಡಿದರು. "ರಾಯರೇ, ನೀವು ಲೆಕ್ಕದವರು, ಲೆಕ್ಕದಲ್ಲೇ ಹೇಳುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ನೀವು ಹೆದರಬೇಕಾದದ್ದು ವಿಮಾನಕ್ಕಲ್ಲ, ಇಲ್ಲಿಂದ ದೇವನಹಳ್ಳಿಯವರೆಗಿನ ರಸ್ತೆಗೆ."

ಇದರ ಫಲ ಇಷ್ಟೇ: ರಾಯರು ಅಂದಿನಿಂದ ಬಸ್ಸಿಗೂ ಹೆದರತೊಡಗಿದರು.

"ರಸ್ತೆಯ ಮಾತು ಬೇರೆ ಮೇಷ್ಟ್ರೇ," ಎಂದರು. "ಕಾರು ಯಾಕೋ ಸರಿಯಿಲ್ಲ ಅನ್ನಿಸಿದರೆ ಚನ್ನಪಟ್ಟಣದಲ್ಲಿ ಇಳಿದು ಕಾಫಿ ಕುಡಿಯಬಹುದು. ಗ್ರೀನ್‌ಲ್ಯಾಂಡಿನ ಮೇಲೆ ಇಳಿಯುತ್ತೇನೆ ಅಂದರೆ ಬಾಗಿಲು ತೆಗೆಯುತ್ತಾರೆಯೇ?"

ಶಿವಣ್ಣ ನಕ್ಕರು. "ನನ್ನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ತಿರುವು ಬಂದಾಗಲೆಲ್ಲ ಬಲಗಾಲು ನೆಲಕ್ಕೆ ಒತ್ತುವವರಿದ್ದರು. ಬ್ರೇಕ್ ಇರುವುದು ನನ್ನ ಕಾಲ ಕೆಳಗೆ, ಒತ್ತುವುದು ಅವರು. ಇಳಿಯುವಾಗ ನನಗಿಂತ ಹೆಚ್ಚು ದಣಿದಿರುತ್ತಿದ್ದರು. ನೀವು ಆ ಪೈಕಿ."

ರಾಯರು ಅಲ್ಲಗಳೆಯಲಿಲ್ಲ. ನನಗೂ ಅನ್ನಿಸುವುದು ಅದೇ. ಈ ಭಯ ಎತ್ತರದ್ದೂ ಅಲ್ಲ, ಸಾವಿನದ್ದೂ ಅಲ್ಲ. ಮುಖ ಕಾಣದ ಒಬ್ಬನ ಕೈಗೆ ಚುಕ್ಕಾಣಿ ಕೊಟ್ಟು, ನಡುಪಟ್ಟಿ ಬಿಗಿದುಕೊಂಡು, ಅರ್ಧ ದಿನ ಮಾಡಲು ಏನೂ ಇಲ್ಲದೆ ಕೂರಬೇಕಲ್ಲ, ಅದರದ್ದು. ಇಂಥವರಿಗೆ ಅಂಕಿಅಂಶ ಹೇಳಿ ಏನು ಪ್ರಯೋಜನ? ಅವರು ಕೇಳುತ್ತಿರುವುದು ಸಂಖ್ಯೆಯನ್ನಲ್ಲ, ಒಂದು ಕೆಲಸವನ್ನು.

ಮೇಷ್ಟ್ರು ಇದನ್ನು ಒಪ್ಪುವವರಲ್ಲ. ಧೈರ್ಯ ತುಂಬುವ ಉತ್ಸಾಹದಲ್ಲಿ ಮರುದಿನ ಗಿಮ್ಲಿಯ ಕಥೆ ತೆಗೆದರು. 1983ರ ಜುಲೈ. ಕೆನಡಾದ ಒಂದು ಬೋಯಿಂಗ್ 767, ನಲವತ್ತೊಂದು ಸಾವಿರ ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ಆರಿಹೋದವು. ಪುಣ್ಯಕ್ಕೆ ಕ್ಯಾಪ್ಟನ್ನನಿಗೆ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಎಂಜಿನ್ನೇ ಇಲ್ಲದೆ ತೇಲಿಸಿಕೊಂಡು ಬಂದು, ಗಿಮ್ಲಿ ಎಂಬಲ್ಲಿ ವಾಯುಸೇನೆ ಬಿಟ್ಟುಹೋದ ಹಳೆಯ ನಿಲ್ದಾಣದಲ್ಲಿ ಇಳಿಸಿದ. ಒಬ್ಬರ ಪ್ರಾಣವೂ ಹೋಗಲಿಲ್ಲ.

"ನೋಡಿದಿರಾ? ಎಂಜಿನ್ ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ!" ಎಂದು ಮೇಷ್ಟ್ರು ಗೆದ್ದ ಮುಖ ಮಾಡಿದರು.

ರಾಯರ ಗಮನ ಬೇರೆ ಕಡೆ ಇತ್ತು. "ಇಂಧನ ಯಾಕೆ ಮುಗಿಯಿತು?"

"ಅದೊಂದು ಸಣ್ಣ ವಿಷಯ. ಇಂಧನದ ಮಾಪಕ ಕೆಟ್ಟಿತ್ತು, ಕೈಯಲ್ಲಿ ಲೆಕ್ಕ ಹಾಕಿದರು. ಕೆನಡಾ ಆಗ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು. ಕಿಲೋಗ್ರಾಂ ಬೇಕಾದಲ್ಲಿ ಪೌಂಡಿನ ಲೆಕ್ಕ ಹಿಡಿದುಬಿಟ್ಟರು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿದ ಹಾಗಾಯಿತು."

ರಾಯರು ಬೆಂಚಿನಿಂದ ಎದ್ದೇ ನಿಂತರು. "ಲೆಕ್ಕದ ತಪ್ಪೇ! ಒಬ್ಬರೂ ತಾಳೆ ನೋಡಲಿಲ್ಲವೇ?" ಎಂಜಿನ್ ಕೆಟ್ಟಿದ್ದರೆ ಅವರು ಕ್ಷಮಿಸುತ್ತಿದ್ದರೇನೋ. ಕೂಡುವ ಕಳೆಯುವ ವಿಚಾರದಲ್ಲಿ ಎಡವಿದ್ದು ಅವರಿಗೆ ಸಹಿಸಲಾಗಲಿಲ್ಲ. ಆ ದಿನ ಕಾಫಿಯನ್ನೂ ಕುಡಿಯದೆ ಮನೆಗೆ ಹೋದರು.

ಒಂದು ಬೆಳಿಗ್ಗೆ ರಾಯರು ತಗ್ಗಿದ ದನಿಯಲ್ಲಿ, "2010ರಲ್ಲಿ ಮಂಗಳೂರು. 2025ರಲ್ಲಿ ಅಹಮದಾಬಾದ್. ಅಪಘಾತವಾದ ಆ ವಿಮಾನಗಳಲ್ಲಿದ್ದವರೂ ಮಕ್ಕಳನ್ನು ನೋಡಲು ಹೊರಟವರೇ ಅಲ್ಲವೇ?" ಎಂದರು. ಯಾರೂ ಮಾತಾಡಲಿಲ್ಲ. ಮೇಷ್ಟ್ರ ಬಾಯಿಂದ ಒಂದು ಅಂಕಿಯೂ ಹೊರಡಲಿಲ್ಲ. ಅವರ ಮೇಲೆ ನನಗೆ ಗೌರವ ಮೂಡಿದ್ದು ಆಗ. ಸ್ವಲ್ಪ ಹೊತ್ತಾದ ಮೇಲೆ ಶಿವಣ್ಣ ಹೇಳಿದರು: "ಘಾಟಿಯಲ್ಲಿ ಕಣ್ಣಾರೆ ಕಂಡದ್ದನ್ನು ನಾನು ಯಾರಿಗೂ ಹೇಳಿಲ್ಲ ರಾಯರೇ. ಮಾರನೆಯ ದಿನ ಅದೇ ತಿರುವಿನಲ್ಲಿ ಬಸ್ ತೆಗೆದುಕೊಂಡು ಹೋಗಿದ್ದೇನೆ. ಭಯ ಹೋಗಿತ್ತು ಎಂದಲ್ಲ. ಡ್ಯೂಟಿ ಇತ್ತು."

ರಾಯರ ಮುಖ ಮೊದಲ ಬಾರಿಗೆ ಅರಳಿದ್ದು ಯಾರೂ ನಿರೀಕ್ಷಿಸದ ವಿಷಯಕ್ಕೆ. ಮಾತಿನ ನಡುವೆ ನಾನು ಎಲ್ಲೋ ಓದಿದ್ದನ್ನು ಹೇಳಿದೆ: ವಿಮಾನದ ಇಬ್ಬರು ಪೈಲಟ್‌ಗಳು ಒಂದೇ ಊಟ ಮಾಡುವುದಿಲ್ಲವೆಂಬ ರೂಢಿ ಹಲವು ಕಂಪನಿಗಳಲ್ಲಿದೆ. ಒಂದು ಊಟ ಕೆಟ್ಟಿದ್ದರೂ ಇನ್ನೊಬ್ಬರ ಹೊಟ್ಟೆ ನೆಟ್ಟಗಿರಲಿ ಎಂದು.

"ಹೌದೇ?" ರಾಯರು ನನ್ನ ಕಡೆ ತಿರುಗಿ ಕೂತರು.

ಮೇಷ್ಟ್ರು ಗಾಳಿ ಬಂದತ್ತ ತೂರಿಕೊಂಡರು. ಹೊರಡುವ ಮುನ್ನ ಒಬ್ಬರು ಪಟ್ಟಿ ಓದುವುದು, ಇನ್ನೊಬ್ಬರು ನೋಡಿ ಉತ್ತರಿಸುವುದು. ಕೆಳಗಿನ ನಿಯಂತ್ರಣ ಕೇಂದ್ರ ಹೇಳಿದ ಎತ್ತರವನ್ನು ಪೈಲಟ್ ತಿರುಗಿ ಹೇಳಿ ಒಪ್ಪಿಸುವುದು. ದೂರದ ಪ್ರಯಾಣಕ್ಕೆ ಮೂವರು ನಾಲ್ವರು ಪೈಲಟ್‌ಗಳಿದ್ದು, ಸರದಿಯ ಮೇಲೆ ಮಲಗಿ ಏಳುವುದು.

"ಅಂದರೆ ಸ್ಟ್ರಾಂಗ್ ರೂಮಿನ ಜಾಯಿಂಟ್ ಕಸ್ಟಡಿ!" ರಾಯರು ತೊಡೆ ತಟ್ಟಿದರು. "ಒಂದು ಬೀಗದ ಕೈ ನನ್ನ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ. ಮೇಕರ್ ಬೇರೆ, ಚೆಕರ್ ಬೇರೆ. ಇದನ್ನು ಮೊದಲೇ ಹೇಳಬಾರದಿತ್ತೇ?" ಒಂದೂವರೆ ಲಕ್ಷ ಸಾವಿನ ಲೆಕ್ಕಕ್ಕೆ ಅಲುಗದ ಮನುಷ್ಯ ಎರಡು ಊಟದ ತಟ್ಟೆಗೆ ಕರಗಿದರು. ಅವರವರ ಕಸುಬಿನ ಭಾಷೆಯಲ್ಲಿ ಹೇಳಿದ ಧೈರ್ಯವೇ ಒಳಗೆ ಇಳಿಯುವುದೆಂದು ಕಾಣುತ್ತದೆ.

ಅಲ್ಲಿಂದ ರಾಯರು ಸಣ್ಣ ಡೈರಿ ಹಿಡಿದು ಬಂದು ಮೇಷ್ಟ್ರನ್ನು ತಪಾಸಣೆ ಮಾಡತೊಡಗಿದರು. ಹಿಂದೆ ದೆಹಲಿಗೆ ಹೋದಾಗ ಕಾಲ ಕೆಳಗಿಂದ ಯಾರೋ ಹಲಗೆ ಕೊಯ್ಯುವ ಸದ್ದು ಬಂದಿತ್ತಂತೆ. ಸಾಮಾನಿನ ಕೋಣೆಯಲ್ಲಿ ಯಾರೋ ಸಿಕ್ಕಿಹಾಕಿಕೊಂಡು ಗರಗಸ ಹಿಡಿದಿದ್ದಾರೆ ಎಂದುಕೊಂಡು ದೆಹಲಿಯವರೆಗೂ ಬೆವರಿದ್ದರು. "ಅದು ಏರ್‌ಬಸ್ 320 ಇರಬೇಕು," ಎಂದರು ಮೇಷ್ಟ್ರು. ಒಂದೇ ಎಂಜಿನ್ ಓಡುತ್ತಿರುವಾಗ ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಒತ್ತಡ ಸರಿದೂಗಿಸುವ ಒಂದು ಯಂತ್ರದ ಸದ್ದು ಅದು. ನಾಯಿ ಬೊಗಳಿದ ಹಾಗಿದೆ ಎನ್ನುವವರೂ ಇದ್ದಾರೆ. ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಮೊರೆತ ತಗ್ಗಿ ಹೊಟ್ಟೆಯೊಳಗೆ ಏನೋ ಜಾರುತ್ತದಲ್ಲ? ಎಂಜಿನ್ ಕೆಟ್ಟದ್ದಲ್ಲ, ನೆಲ ಬಿಡುವಾಗ ಬೇಕಾದಷ್ಟು ಬಲ ಇನ್ನು ಬೇಡವೆಂದು ಇಳಿಸಿದ್ದು. ರೆಕ್ಕೆ ಬಾಗುತ್ತದಲ್ಲ? ಬಾಗಲೆಂದೇ ಮಾಡಿದ್ದು, 2010ರಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು ಪರೀಕ್ಷೆಗೆಂದು ಸುಮಾರು ಇಪ್ಪತ್ತೈದು ಅಡಿ ಮೇಲಕ್ಕೆ ಬಗ್ಗಿಸಿದ್ದರು, ಮುರಿಯಲಿಲ್ಲ. ಒಂದು ಎಂಜಿನ್ ನಿಂತರೆ? ಇನ್ನೊಂದರಲ್ಲೇ 330 ನಿಮಿಷದೊಳಗೆ ಒಂದು ನಿಲ್ದಾಣ ಮುಟ್ಟುವಂಥ ದಾರಿಯಲ್ಲಿ ಹಾರಲು ಅದೇ ವಿಮಾನಕ್ಕೆ ಅನುಮತಿಯಿದೆ.

ರಾಯರು ಬರೆದುಕೊಂಡು ತಲೆಯೆತ್ತಿದರು. "331ನೆಯ ನಿಮಿಷಕ್ಕೆ?"

ಮೇಷ್ಟ್ರು ಕೆರೆಯ ಕಡೆ ನೋಡಿದರು.

ಇನ್ನುಳಿದದ್ದು ದಾರಿಯ ಪ್ರಶ್ನೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ನೇರ ಬೆಂಗಳೂರಿಗೆ ಬಂದಿಳಿದದ್ದು ಎಲ್ಲರಿಗೂ ನೆನಪಿತ್ತು. ಹಾಗೆ ಒಂದೇ ಉಸಿರಿಗೆ ಹೋಗುವುದೋ, ಫ್ರಾಂಕ್‌ಫರ್ಟಿನಲ್ಲಿ ಇಳಿದು ಹತ್ತುವುದೋ? ಒಂದು ದೊಡ್ಡ ಭಯವೋ, ಎರಡು ಚಿಕ್ಕ ಭಯಗಳೋ? ಅಪಾಯ ಇರುವುದೇ ಹೆಚ್ಚಾಗಿ ಏರುವಾಗ, ಇಳಿಯುವಾಗ. ಆದ್ದರಿಂದ ಎರಡು ಸಲ ಏರಿಳಿಯುವುದು ನಷ್ಟದ ವ್ಯವಹಾರ ಎಂದರು ಮೇಷ್ಟ್ರು. ವಿಶಾಲಾಕ್ಷಮ್ಮನವರ ಮಂಡಿನೋವು ಫ್ರಾಂಕ್‌ಫರ್ಟ್ ಎಂದಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಡಾಕ್ಟರನ್ನು ರಾಯರು ಕೇಳಿದ್ದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿಸಿ ಅಮೆರಿಕದಲ್ಲಿ ತೆರೆಸುವ ಮಾತ್ರೆ. "ಅದಕ್ಕೆ ಅರಿವಳಿಕೆ ಅನ್ನುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಕೊಡುತ್ತಾರೆ," ಎಂದರು ಡಾಕ್ಟರು. ಮಾತ್ರೆ ನುಂಗಿ ಗಂಟೆಗಟ್ಟಲೆ ಮಿಸುಕಾಡದೆ ಬಿದ್ದುಕೊಂಡರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಎದ್ದು ಓಡಾಡಬೇಕು, ನೀರು ಕುಡಿಯಬೇಕು. ಯಾರೋ ಪಿಸುಗುಟ್ಟಿದ ಎರಡು ಪೆಗ್ಗಿನ ಸಲಹೆಯೂ ಅಲ್ಲೇ ತಳ್ಳಿಹೋಯಿತು. "ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು. ಅಂದರೆ ನೀವು ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕೂ ಮೇಲೋ ಕೂತಿರುತ್ತೀರಿ. ಕಿವಿ ಗುಂಯ್ ಅನ್ನುತ್ತದೆ, ಹೊಟ್ಟೆ ಉಬ್ಬುತ್ತದೆ, ನಾಲಿಗೆಗೆ ಉಪ್ಪು ಸಿಹಿ ಸರಿಯಾಗಿ ಹತ್ತುವುದಿಲ್ಲ. ಇದನ್ನೆಲ್ಲ ಹೃದಯಾಘಾತ ಎಂದುಕೊಳ್ಳಬೇಡಿ. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ರೆಕ್ಕೆಯ ಹತ್ತಿರದ ಸೀಟು ಹಿಡಿಯಿರಿ, ಅಲ್ಲಿ ಕುಲುಕಾಟ ಕಡಿಮೆ. ಕುಲುಕಾಟ ಶುರುವಾದರೆ ಎಡಗೈಯಲ್ಲಿ ಬರೆಯಿರಿ."

"ಎಡಗೈಯಲ್ಲಿ?"

"ಪಳಗದ ಕೈಯಲ್ಲಿ ಅಕ್ಷರ ತಿದ್ದುವಾಗ ಬೇರೆ ಯೋಚನೆಗೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ."

ಸಲಹೆ ಮನೆಗೆ ಹೋಯಿತು. ವಿಶಾಲಾಕ್ಷಮ್ಮನವರು ಅರ್ಧಕ್ಕೆ ನಿಲ್ಲಿಸಿದ್ದ ರಾಮಕೋಟಿಯ ಪುಸ್ತಕ ತಂದು ಮುಂದಿಟ್ಟರು. ದೇವರ ಹೆಸರನ್ನು ಎಡಗೈಯಲ್ಲಿ ಬರೆಯುವುದೇ ಎಂದು ರಾಯರು ಹಿಂಜರಿದರು.

"ಸಮುದ್ರ ಹಾರುವಾಗ ಹನುಮಂತ ಉಂಗುರವನ್ನು ಯಾವ ಕೈಯಲ್ಲಿ ಹಿಡಿದಿದ್ದ ಎಂದು ಯಾರಾದರೂ ಕೇಳಿದರೇ?"

"ಅವನು ಚಿರಂಜೀವಿ ಕಣೇ. ನಾನು ಪಿಂಚಣಿದಾರ."

ಹೊರಡುವ ಹಿಂದಿನ ದಿನ ನಾವೆಲ್ಲ ಅವರ ಮನೆಗೆ ಹೋದೆವು. ಹಜಾರದಲ್ಲಿ ಪೆಟ್ಟಿಗೆಗಳು ಬಾಯ್ದೆರೆದುಕೊಂಡಿದ್ದವು. ಬಾಣಂತಿಯ ಅಂಟಿನುಂಡೆಗೆಂದು ತಿಪಟೂರಿನಿಂದ ತರಿಸಿದ ಇಡೀ ಕೊಬ್ಬರಿ ಗಿಟುಕುಗಳು ಸೀರೆಗಳ ನಡುವೆ ಸಾಲಾಗಿ ಕೂತಿದ್ದವು. ಮೇಷ್ಟ್ರು ಹೌಹಾರಿದರು. "ಕೊಬ್ಬರಿ ನಿಷೇಧಿತ ಪಟ್ಟಿಯಲ್ಲಿದೆ ತಾಯಿ! ಎಣ್ಣೆಯಂಶ ಹೆಚ್ಚು, ಹೊತ್ತಿಕೊಳ್ಳುತ್ತದೆ ಎಂದು." ಶಿವಣ್ಣ ಒಂದು ಗಿಟುಕು ಎತ್ತಿ ರಾಯರ ಕೈಗಿಟ್ಟರು. "ಇಷ್ಟು ದಿನ ನಿಮಗೆ ವಿಮಾನದ ಭಯ. ಈಗ ವಿಮಾನಕ್ಕೆ ನಿಮ್ಮ ಭಯ." ರಾಯರು ಮನಸಾರೆ ನಕ್ಕರು. ಕೊಬ್ಬರಿಯನ್ನು ನಾವೇ ಹಂಚಿಕೊಂಡು ಮನೆಗೆ ಒಯ್ದೆವು.

ತಲುಪಿದ ಮೇಲೆ ರಾಯರು ಮೊಮ್ಮಗುವಿನ ಚಿತ್ರಕ್ಕೂ ಮೊದಲು ರಾಮಕೋಟಿಯ ಪುಟಗಳ ಚಿತ್ರ ಕಳಿಸಿದರು. ಬೆಂಚಿನ ಮೇಲೆ ನಾಲ್ಕು ತಲೆ ಒಂದೇ ಮೊಬೈಲಿಗೆ ಬಾಗಿದವು. ಪ್ರತಿ ಸಾಲಿನ ಅಂಚಿನಲ್ಲಿ ಬಲಗೈಯ ಮುದ್ದಾದ ಅಕ್ಷರದಲ್ಲಿ ಸಮಯ, ಮುಂದಿನ ಪರದೆಯ ನಕ್ಷೆ ನೋಡಿ ಗುರುತು ಮಾಡಿದ ಊರು. ಬೆಂಗಳೂರು ಬಿಟ್ಟಾಗ ಒಂದೊಂದು ಅಕ್ಷರವೂ ಗೇಣುದ್ದ, ರೇಖೆ ದಾಟಿ ಹೊರಗೆ. ಗ್ರೀನ್‌ಲ್ಯಾಂಡ್ ಎಂಬಲ್ಲಿ ಮಕಾರದ ಕೊಂಬೆಲ್ಲ ಉದುರಿ, ರಾಮನು ಸಾಲು ಪೂರ್ತಿ ರಾವನಾಗಿದ್ದ. "ಇಲ್ಲಿ ಜೋರಾಗಿ ಕುಲುಕಿದೆ," ಎಂದರು ಮೇಷ್ಟ್ರು ಪಂಡಿತರ ಗತ್ತಿನಲ್ಲಿ. ಊಟದ ಹೊತ್ತಿನ ಸಾಲುಗಳ ಮೇಲೆ ಒಂದು ಹಳದಿ ಕಲೆ, ಪುಳಿಯೋಗರೆ ಬಿಚ್ಚಿದ್ದಾರೆ. ಆಮೇಲೆ ಒಂದು ಪುಟ ಖಾಲಿ. "ಅಯ್ಯೋ, ಇಲ್ಲೇನಾಯಿತು?" ಎಂದು ಶಿವಣ್ಣ ಗಾಬರಿಯಾದರು. ಕೆಳಗೆ ವಿಶಾಲಾಕ್ಷಮ್ಮನವರ ಕೈಬರಹದಲ್ಲಿ ಒಂದೇ ಸಾಲು: ಗೊರಕೆ ಹೊಡೆಯುತ್ತಿದ್ದಾರೆ. ರಾಕಿ ಪರ್ವತದ ಮೇಲಿನ ಸಾಲುಗಳಂತೂ ಅಚ್ಚಿನಲ್ಲಿ ಹೊಯ್ದಷ್ಟು ದುಂಡಗೆ.

ಮೊನ್ನೆ ರಾಯರೇ ಫೋನ್ ಮಾಡಿದ್ದರು. ದನಿಯಲ್ಲಿ ಹಳೆಯ ಕಂಪನ ಮರಳಿತ್ತು. ಮಗು ಚೆನ್ನಾಗಿದೆ, ಬಾಣಂತಿ ಚೆನ್ನಾಗಿದ್ದಾಳೆ, ವಾಪಸು ಬರುವ ಟಿಕೆಟ್ ಆಗಿದೆ. ಆದರೆ ಡಾಕ್ಟರ ಬಳಿ ಒಂದು ಮಾತು ಕೇಳಬೇಕಂತೆ. ಇಲ್ಲಿ ಮಾಡಲು ಕೆಲಸವಿಲ್ಲವೆಂದು ದಿನವೂ ಬರೆದು ಬರೆದು ಎಡಗೈ ಪೂರ್ತಿ ಪಳಗಿಬಿಟ್ಟಿದೆ. ಈಗ ಅದು ಬರೆಯುತ್ತಿದ್ದರೆ ತಲೆ ತನ್ನ ಪಾಡಿಗೆ ಎಂಜಿನ್ನಿನ ಸದ್ದು ಕೇಳುತ್ತಾ ಕೂತಿರುತ್ತದೆ. ಬರುವಾಗ ಏನು ಮಾಡುವುದು?

ಡಾಕ್ಟರಿಗೆ ಉತ್ತರ ಹೊಳೆಯಲಿಲ್ಲ. ಶಿವಣ್ಣ ಫೋನ್ ಇಸಿದುಕೊಂಡರು.

"ಹಿಂದುಮುಂದು ಮಾಡಿ ಬರೆಯಿರಿ ರಾಯರೇ. ಮರಾ, ಮರಾ. ವಾಲ್ಮೀಕಿಗೆ ಅಷ್ಟೇ ಸಾಕಾಗಿತ್ತು."