ಬೇಸಿಗೆ ರಜೆಯಲ್ಲಿ ಹೈದರಾಬಾದ್ ತರಬೇತಿ: ಹೋಗಿ ಬಂದವರು ಸ್ವಲ್ಪ ಹೇಳಿ

ಗಂಗಾವತಿ ಕಡೆಯ ಶಿಕ್ಷಕಿ: ಆನೆಗೊಂದಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಗೊಂಬೆಯಾಟ ಬಳಸಿ ಪಾಠ ಮಾಡುವ ತರಬೇತಿಗೆ ನನ್ನ ಹೆಸರು ಬಂದಿದೆ. ಮೇ ತಿಂಗಳಲ್ಲಿ ಎರಡು ವಾರ, ಹೈದರಾಬಾದಿನ ಸಿಸಿಆರ್‌ಟಿಯಲ್ಲಿ (ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ). ನನ್ನ ಹಿಂದಿ ಅಷ್ಟಕ್ಕಷ್ಟೇ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಇಷ್ಟೆಲ್ಲ ಬಿಟ್ಟು ಹೋಗಿ ಗೊಂಬೆ ಮಾಡಿ ಬಂದರೆ ತರಗತಿಗೆ ನಿಜವಾಗಿ ಉಪಯೋಗ ಆಗುತ್ತದಾ?

ಹಾಸನದ ಮೇಷ್ಟ್ರು: ಹೋಗಿ ಮೇಡಂ. ಹಿಂದಿ ಚಿಂತೆ ಬೇಡ. ಕೈ ತುಂಬಾ ಮೈದಾ ಅಂಟು ಮೆತ್ತಿಕೊಂಡಾಗ ಯಾರ ವ್ಯಾಕರಣವನ್ನೂ ಯಾರೂ ನೋಡುವುದಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ತಲೆ ಮಾಡುತ್ತೀರಿ. ಅದರ ಮೇಲೆ ಹಳೆ ಪೇಪರಿನ ಚೂರುಗಳನ್ನು ಪದರ ಪದರವಾಗಿ ಅಂಟಿಸುತ್ತೀರಿ. ಒಣಗಿದ ಮೇಲೆ ಎರಡು ಹೋಳು ಮಾಡಿ, ಒಳಗಿನ ಮಣ್ಣು ತೆಗೆದು, ಮತ್ತೆ ಜೋಡಿಸಬೇಕು. ನಾನು ರಾಜ ಅಂತ ಮಾಡಿದ್ದು ಎಲ್ಲರಿಗೂ ಆಲೂಗಡ್ಡೆ ಥರ ಕಂಡಿತು.

ಉಪಯೋಗದ ಮಾತಿಗೆ ಬರುತ್ತೇನೆ. ಊರಿಗೆ ಬಂದು ಏಳನೇ ತರಗತಿಯಲ್ಲಿ ಇಮ್ಮಡಿ ಪುಲಕೇಶಿ, ಹರ್ಷವರ್ಧನ ಎರಡು ಗೊಂಬೆ ಮಾಡಿಸಿದೆ. ಯುದ್ಧದಲ್ಲಿ ಹರ್ಷ ಗೆದ್ದುಬಿಟ್ಟ! ಯಾಕೆಂದರೆ ಹರ್ಷನನ್ನು ಹಿಡಿದ ಹುಡುಗ ದಪ್ಪಗಿದ್ದ. ಗಲಾಟೆ ಶುರುವಾಯಿತು. "ಪುಲಕೇಶಿ ಗೆದ್ದ ಅಂತ ನಿಮಗೆ ಹೇಗೆ ಗೊತ್ತು ಸಾರ್?" ಅಂತ ಅವನೇ ಕೇಳಿದ. ಹತ್ತು ವರ್ಷ ಪಾಠ ಮಾಡಿದ್ದೇನೆ, ಒಬ್ಬರೂ ಇದನ್ನು ಕೇಳಿರಲಿಲ್ಲ. 634ರ ಐಹೊಳೆ ಶಾಸನದ ಕಥೆ ಹೇಳಿದೆ. ಹರ್ಷನ ಹರ್ಷ ಭಯದಿಂದ ಕರಗಿಹೋಯಿತು ಅಂತ ಕವಿ ರವಿಕೀರ್ತಿ ಅದರಲ್ಲಿ ಹೆಸರಿನ ಮೇಲೇ ಆಟ ಆಡಿದ್ದಾನೆ. "ಅವನು ಪುಲಕೇಶಿ ಕಡೆಯವನೇ ಅಲ್ವಾ ಸಾರ್?" ಅಂದಳು ಒಬ್ಬಳು. ಹೌದು! ಆಗ ಹ್ಯೂಯೆನ್ ತ್ಸಾಂಗ್‌ನನ್ನು ಕರೆತರಬೇಕಾಯಿತು. ಹರ್ಷನಿಂದ ಬೇಕಾದಷ್ಟು ಗೌರವ ಪಡೆದ ಆ ಚೀನೀ ಯಾತ್ರಿಕನೇ, ಹರ್ಷನಿಗೆ ಈ ಸೀಮೆಯವರನ್ನು ಸೋಲಿಸಲು ಆಗಲಿಲ್ಲ ಅಂತ ಬರೆದಿದ್ದಾನೆ. ಆವತ್ತು ಎರಡು ಪೀರಿಯಡ್ ಹೋಯಿತು, ಗಣಿತದ ಮೇಡಂ ಬೈದರು.

ಧಾರವಾಡದಿಂದ: ನಾನು ಹೋದದ್ದು ಬೇರೆ ಶಿಬಿರ, ಹೆಸರು ಬೇಡ. ಬೆಳಗ್ಗಿನಿಂದ ಸಂಜೆವರೆಗೆ ಭಾಷಣ. ಮಧ್ಯಾಹ್ನ ಊಟ ಆದ ಮೇಲೆ ಶಿಲ್ಪಶೈಲಿಗಳ ಚಿತ್ರ ತೋರಿಸಲು ದೀಪ ಆರಿಸುತ್ತಿದ್ದರು. ಮುಂದಿನದು ನೆನಪಿಲ್ಲ. ಕೈಗೆ ಕೆಲಸ ಕೊಡುವ ತರಬೇತಿ ಸಿಕ್ಕಿದೆ, ಬಿಡಬೇಡಿ. ಆದರೆ ಒಂದು ಮಾತು. ಎಷ್ಟೋ ಶಾಲೆಗಳಲ್ಲಿ ತರಬೇತಿಯಿಂದ ತಂದ ಸಾಮಾನು ಬೀರುವಿನಲ್ಲೇ ಉಳಿಯುತ್ತದೆ. ನಮ್ಮಲ್ಲೂ ಹಾಗೇ. ಬೀರುವಿನ ಕೀಲಿ ಯಾರ ಹತ್ತಿರ ಇದೆ ಅಂತ ಈಗಲೂ ಪತ್ತೆ ಇಲ್ಲ.

ತುಮಕೂರಿನ ಟೀಚರ್: ಶಾಲೆಗೆ ರಜೆ ಬೀಳುವ ಮೊದಲೇ ಬಿಡುಗಡೆ ಆದೇಶ ಕೈಗೆ ತೆಗೆದುಕೊಳ್ಳಿ. ನಾನು ಸುಮ್ನೆ ಕೂತೆ, ಆಮೇಲೆ ಸಹಿಗಾಗಿ ಹಿಂದೆ ಮುಂದೆ ಓಡಾಡಿ ಸಾಕಾಯಿತು. ಹಾಜರಾತಿ ಪ್ರಮಾಣ ಪತ್ರ ಜೋಪಾನ, ಗಳಿಕೆ ರಜೆ ಕೇಳುವಾಗ ಬೇಕಾಗುತ್ತದೆ. ರೈಲಿನ ಟಿಕೆಟನ್ನೂ ಎಸೆಯಬೇಡಿ.

ನಾನೂ ಮಗನನ್ನು ತವರಿನಲ್ಲಿ ಬಿಟ್ಟು ಹೋಗಿದ್ದೆ. ಮೊದಲ ಮೂರು ದಿನ ಫೋನಿನಲ್ಲಿ ಅಳು. ನಾಲ್ಕನೇ ದಿನ ಫೋನಿಗೇ ಬರಲಿಲ್ಲ, ಆಟದಲ್ಲಿದ್ದ. ಆಗ ಅತ್ತದ್ದು ನಾನು.

ಬಳ್ಳಾರಿಯ ಸರ್: ಒಂದು ಸಂಜೆ ಬಿಡುವು ಮಾಡಿಕೊಂಡು ಗೋಲ್ಕೊಂಡ ನೋಡಿ. ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಕೇಳುತ್ತದೆ, ಅದನ್ನು ಎಲ್ಲರೂ ತೋರಿಸುತ್ತಾರೆ. ನೀವು ಅಲ್ಲಿ ಆಳಿದ ಕುತುಬ್ ಶಾಹಿ ಸುಲ್ತಾನರ ಗೋರಿಗಳಲ್ಲಿ ಇಬ್ರಾಹಿಂನ ಗೋರಿ ಹುಡುಕಿ. 1565ರಲ್ಲಿ ವಿಜಯನಗರದ ಮೇಲೆ ಹೋದ ಸುಲ್ತಾನರಲ್ಲಿ ಇವನೂ ಒಬ್ಬ. ಆದರೆ ಅದಕ್ಕೂ ಮೊದಲು ಅಣ್ಣನಿಗೆ ಹೆದರಿ ಓಡಿಬಂದು, ಏಳು ವರ್ಷ ವಿಜಯನಗರದಲ್ಲೇ ಅಳಿಯ ರಾಮರಾಯನ ಆಶ್ರಯದಲ್ಲಿದ್ದವನು! ಹೊಳೆಯಾಚೆ ಹಂಪಿ ಕಾಣುವ ಊರಿನ ಮಕ್ಕಳಿಗೆ ಈ ಕಥೆ ಗೊತ್ತಿರಬೇಕು. ಗೊಂಬೆ ಮಾಡುವುದಾದರೆ ಈ ಇಬ್ಬರನ್ನೇ ಮಾಡಿ.

ಇನ್ನೊಂದು ವಿಷಯ. ತರಬೇತಿಯಲ್ಲಿ ನಮ್ಮ ರಾಜ್ಯದ ಬಗ್ಗೆ ಹೇಳಿ ಅಂದಾಗ ಎಲ್ಲರೂ ಮೈಸೂರು ದಸರಾ, ಯಕ್ಷಗಾನ ಅಂತ ಶುರು ಮಾಡುತ್ತಾರೆ. ನೀವು ಕೊಪ್ಪಳ ಜಿಲ್ಲೆಯವರು. 2025ರಲ್ಲಿ ಪದ್ಮಶ್ರೀ ಬಂದ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೆಕ್ಯಾತರ ನಿಮ್ಮ ಜಿಲ್ಲೆಯವರೇ. ತೊಗಲು ಗೊಂಬೆ ಬಿಟ್ಟು ಬೇರೆ ಏನು ಬೇಕು? ಅಂದ ಹಾಗೆ, 1979ರಲ್ಲಿ ಸಿಸಿಆರ್‌ಟಿ ಶುರುವಾಗಲು ಮುಖ್ಯ ಕಾರಣರಾದವರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಹುಟ್ಟಿದ್ದು ಮಂಗಳೂರು. ಅಲ್ಲಿ ಯಾರಾದರೂ ಕೇಳಿದರೆ ಹೇಳಲು ಇರಲಿ.

ಹಾಸನದ ಮೇಷ್ಟ್ರು: ಇಬ್ರಾಹಿಂ ವಿಷಯ ನನಗೆ ಗೊತ್ತೇ ಇರಲಿಲ್ಲ ಸರ್. ಅಷ್ಟು ದಿನ ಅಲ್ಲಿದ್ದು ಚಪ್ಪಾಳೆ ತಟ್ಟಿ ಬಂದೆ.

ಗಂಗಾವತಿ ಕಡೆಯ ಶಿಕ್ಷಕಿ: ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಬಂದು ಮಗಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ನಾಳೆ ಹೆಡ್ ಮೇಷ್ಟ್ರ ಹತ್ತಿರ ಆದೇಶದ ಮಾತಾಡುತ್ತೇನೆ. ಇನ್ನೊಂದೇ ಪ್ರಶ್ನೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದರೆ ನಡೆಯುತ್ತದಾ?

ತುಮಕೂರಿನ ಟೀಚರ್: ನಡೆಯುತ್ತದೆ. ಆದರೆ ಲೆಕ್ಕ ಹಾಕಿ ಒಯ್ಯಬೇಡಿ. ಪಕ್ಕದ ಮಂಚದ ಅಸ್ಸಾಮಿನ ಟೀಚರ್ ನನ್ನ ಚಟ್ನಿಪುಡಿಯನ್ನು ಎರಡೇ ದಿನದಲ್ಲಿ ಮುಗಿಸಿದರು.